ಮೆಗಾವ್ಯಾಟ್ ಎಣಿಸಿದರೆ ಹೊಗೆ ಇಳಿಯುವುದಿಲ್ಲ

ಕರ್ನಾಟಕದ ವಿದ್ಯುತ್ತಿನ ಪ್ರಸ್ತಾಪ ಎಲ್ಲಿ ಬಂದರೂ ಒಂದು ಹೆಮ್ಮೆಯ ಮಾತು ತಪ್ಪದೆ ಕೇಳಿಸುತ್ತದೆ. ನಮ್ಮದು ಹಸಿರು ರಾಜ್ಯ, ನಮ್ಮ ಸ್ಥಾಪಿತ ಸಾಮರ್ಥ್ಯದ ಸುಮಾರು ಮೂರರಲ್ಲಿ ಎರಡು ಪಾಲು ನೀರು, ಗಾಳಿ, ಬಿಸಿಲಿನದು, ಮುಂದುವರಿದ ಎಷ್ಟೋ ದೇಶಗಳಿಗೂ ನಾವು ಮಾದರಿ. ಸರ್ಕಾರ ಬದಲಾದರೂ ಈ ಮಾತು ಬದಲಾಗುವುದಿಲ್ಲ. ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ಮಂತ್ರಿಗಳು ಹೇಳುತ್ತಾರೆ, ಪತ್ರಿಕೆಗಳು ತಲೆಬರಹ ಮಾಡುತ್ತವೆ, ಪರಿಸರದ ಬಗ್ಗೆ ನಿಜವಾದ ಕಾಳಜಿಯುಳ್ಳವರೂ ಇದನ್ನು ನಂಬಿ ನಿರಾಳವಾಗಿದ್ದಾರೆ. ಮಾತಿನೊಳಗಿನ ಅಂಕಿ ಸರಿಯಾದದ್ದೇ. ಅದರಿಂದ ಎಳೆಯುವ ತೀರ್ಮಾನ ತಪ್ಪು, ಹಾನಿ ಮಾಡುವಂಥ ತಪ್ಪು. ಹಾಸನ ಜಿಲ್ಲೆಯಲ್ಲಿ ನಿಂತು ನಾನು ಈ ವಾದ ಹೂಡುತ್ತಿರುವುದಕ್ಕೆ ಕಾರಣವಿದೆ. ಆ ತೀರ್ಮಾನದ ಬೆಲೆಯನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರೈತರು ನಿದ್ದೆಗೆಟ್ಟು ತೆರುತ್ತಿದ್ದಾರೆ.

ಒಂದು ಯಂತ್ರ ಎಲ್ಲ ಅನುಕೂಲವೂ ಕೂಡಿಬಂದಾಗ ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬುದು ಸ್ಥಾಪಿತ ಸಾಮರ್ಥ್ಯ. ಮೆಗಾವ್ಯಾಟ್‌ನಲ್ಲಿ ಹೇಳುವುದು ಅದನ್ನು. ನಾವು ಉರಿಸುವುದು ಯೂನಿಟ್ಟು, ಮೀಟರು ಓಡುವುದು ಯೂನಿಟ್ಟಿಗೆ, ಚಿಮಣಿಯಿಂದ ಇಂಗಾಲ ಹೊರಬೀಳುವುದೂ ಯೂನಿಟ್ಟಿನ ಲೆಕ್ಕದಲ್ಲೇ. ಮನೆಯಲ್ಲಿ ಎಷ್ಟು ಕೊಡಗಳಿವೆ ಎಂದು ಎಣಿಸಿ ಇವತ್ತಿಗೆ ನೀರು ಸಾಕು ಎಂದು ಯಾರೂ ಹೇಳುವುದಿಲ್ಲ. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಇಡೀ ರಾಜ್ಯ ಅದನ್ನೇ ಮಾಡುತ್ತಿದೆ.

ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಕೈಗಾ ಅಣು ವಿದ್ಯುತ್ ಕೇಂದ್ರದ್ದು 220 ಮೆಗಾವ್ಯಾಟ್‌ನ ನಾಲ್ಕು ಘಟಕ ಸೇರಿ 880. ಹೆಮ್ಮೆಯ ಪಟ್ಟಿಯಲ್ಲಿ ಪಾವಗಡ ಕೈಗಾಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ದೊಡ್ಡದು. ಆದರೆ ರಾತ್ರಿ, ಮೋಡ, ಮುಂಜಾನೆ, ಸಂಜೆ ಎಲ್ಲ ಕಳೆದು ಪಾವಗಡದ ಫಲಕಗಳು ವರ್ಷವಿಡೀ ತಮ್ಮ ಸಾಮರ್ಥ್ಯದ ನೂರಕ್ಕೆ 22ರಷ್ಟು ಕೊಟ್ಟವು ಎಂದಿಟ್ಟುಕೊಂಡರೆ ಬರುವುದು ಸುಮಾರು 400 ಕೋಟಿ ಯೂನಿಟ್. ಕೈಗಾ ನೂರಕ್ಕೆ 85ರಷ್ಟು ಓಡಿದರೆ 650 ಕೋಟಿ. ಕೈಗಾದ ಒಂದನೇ ಘಟಕ 2018ರ ಡಿಸೆಂಬರಿನವರೆಗೆ ಎಡೆಬಿಡದೆ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತ್ತು. ಪಾವಗಡವನ್ನು ಕೀಳಾಗಿಸಲು ನಾನು ಇದನ್ನು ಹೇಳುತ್ತಿಲ್ಲ. ಕುಡಿಯುವ ನೀರಿಗೂ ಪರದಾಡುತ್ತಿದ್ದ ಬರಡು ಸೀಮೆಯ ರೈತರಿಂದ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, ವರ್ಷವರ್ಷವೂ ಅವರಿಗೆ ಬಾಡಿಗೆ ಕೊಡುವ ಆ ಏರ್ಪಾಡು ನಿಜಕ್ಕೂ ಒಳ್ಳೆಯದು. ಒಂದು ಮೆಗಾವ್ಯಾಟು ಇನ್ನೊಂದು ಮೆಗಾವ್ಯಾಟಿಗೆ ಸಮವಲ್ಲ ಎಂಬುದಷ್ಟೇ ನನ್ನ ಮಾತು. ಅವೆರಡನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿ ನೂರಕ್ಕೆ ಇಷ್ಟು ಹಸಿರು ಎಂದ ಕ್ಷಣದಲ್ಲೇ ಲೆಕ್ಕ ಹಾದಿ ತಪ್ಪುತ್ತದೆ.

ಮೂಲದಿಂದ ಮೂಲಕ್ಕೆ ಇಂಗಾಲದ ವ್ಯತ್ಯಾಸ ಸಣ್ಣದಾಗಿದ್ದರೆ ಈ ತಪ್ಪನ್ನು ಕ್ಷಮಿಸಬಹುದಿತ್ತು. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ಅಂದಾಜಿನಲ್ಲಿ ಗಣಿಯಿಂದ ಗುಜರಿಯವರೆಗಿನ ಎಲ್ಲ ಖರ್ಚೂ ಸೇರಿದೆ. ಅದರ ಪ್ರಕಾರ ಒಂದು ಯೂನಿಟ್ಟಿಗೆ ಕಲ್ಲಿದ್ದಲು 820 ಗ್ರಾಂ, ಅನಿಲ 490, ದೊಡ್ಡ ಸೌರಸ್ಥಾವರ 48, ಜಲವಿದ್ಯುತ್ 24, ಅಣು 12, ಗಾಳಿ 11. ನಮ್ಮ ದೇಶದ ಕಲ್ಲಿದ್ದಲು ಸ್ಥಾವರಗಳಲ್ಲಿ ಚಿಮಣಿಯೊಂದರಿಂದಲೇ 900 ಗ್ರಾಂಗಿಂತ ಹೆಚ್ಚು ಬರುತ್ತದೆ. ಎಲ್ಲ ಮೂಲಗಳನ್ನೂ ಸೇರಿಸಿ ಕೇಂದ್ರ ವಿದ್ಯುತ್ ಪ್ರಾಧಿಕಾರ ತೆಗೆಯುವ ದೇಶದ ಸರಾಸರಿಯೇ 700 ಗ್ರಾಂ ದಾಟಿದೆ. ಕಲ್ಲಿದ್ದಲು ಒಂದು ಕಡೆ, ಹಸಿರು ಮೂಲಗಳೆಲ್ಲ ಇನ್ನೊಂದು ಕಡೆ. ಸೌರ ಹೆಚ್ಚೋ ಗಾಳಿ ಹೆಚ್ಚೋ ಎಂಬ ಜಗಳ ಇದರ ಮುಂದೆ ನಗಣ್ಯ. ಯಾವ ಗಂಟೆಯಲ್ಲಿ ಎಷ್ಟು ಕಲ್ಲಿದ್ದಲು ಉರಿಯಿತು ಎಂಬುದೊಂದೇ ಇಂಗಾಲವನ್ನು ನಿರ್ಧರಿಸುತ್ತದೆ.

ಆ ಕಲ್ಲಿದ್ದಲು ಹಾಸನಕ್ಕೆ ದೂರದ್ದಲ್ಲ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೊರಟರೆ ಸಿಗುವ ಶಾಂತಿಗ್ರಾಮದಲ್ಲಿ 400 ಕಿಲೋವೋಲ್ಟ್‌ನ ದೊಡ್ಡ ಸಬ್‌ಸ್ಟೇಷನ್ ಇದೆ. ಉಡುಪಿ ಜಿಲ್ಲೆಯ ನಂದಿಕೂರಿನಿಂದ ಪಶ್ಚಿಮಘಟ್ಟ ಹತ್ತಿ ಬರುವ ಲೈನು ಇಳಿಯುವುದು ಅಲ್ಲಿಗೆ. ನಂದಿಕೂರಿನ ಕಥೆ ಹಿರಿಯರಿಗೆ ನೆನಪಿರುತ್ತದೆ. ತೊಂಬತ್ತರ ದಶಕದಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪನಿ ಅಲ್ಲಿ 1,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಬಂದು, ಕರಾವಳಿಯ ಜನರ ಹೋರಾಟ ಮತ್ತು ಕೋರ್ಟು ಕಚೇರಿಗಳ ನಡುವೆ 1999ರಲ್ಲಿ ಕೈಬಿಟ್ಟು ಹೋಯಿತು. ಜನ ಗೆದ್ದೆವು ಎಂದುಕೊಂಡರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಬೇರೆ ಕೈಗಳಲ್ಲಿ ಅದೇ ಸೀಮೆಯಲ್ಲಿ ಸ್ಥಾವರ ಎದ್ದಿತು. 2010ರಿಂದ 2012ರ ನಡುವೆ 600 ಮೆಗಾವ್ಯಾಟ್‌ನ ಎರಡು ಘಟಕ ಚಾಲೂ ಆದವು. ಅವು ಉರಿಸುವುದು ಹಡಗಿನಲ್ಲಿ ಮಂಗಳೂರು ಬಂದರಿಗೆ ಬರುವ ವಿದೇಶಿ ಕಲ್ಲಿದ್ದಲು. ಬೂದಿ ಬಿದ್ದು ಹೂ ಕೆಟ್ಟಿತು ಎಂದು ಆ ಭಾಗದ ಮಲ್ಲಿಗೆ ಬೆಳೆಗಾರರು ವರ್ಷಗಟ್ಟಲೆ ದೂರಿದರು. ಒಂದು ಘಟಕ ಒಂದು ಗಂಟೆ ಪೂರ್ತಿ ಓಡಿದರೆ ಆರು ಲಕ್ಷ ಯೂನಿಟ್ ವಿದ್ಯುತ್ತು, ಜೊತೆಗೆ 500 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಗ್ರಿಡ್ಡಿನಲ್ಲಿ ಎಲ್ಲ ಕರೆಂಟೂ ಕೂಡಿಹೋಗುತ್ತದೆ, ಯಾವ ಬಲ್ಬಿಗೆ ಯಾವ ಊರಿನದು ಎಂದು ಗುರುತು ಹಚ್ಚಲಾಗದು, ನಿಜ. ಆದರೂ ರಾತ್ರಿ ಎರಡು ಗಂಟೆಗೆ ಚನ್ನರಾಯಪಟ್ಟಣದ ತೋಟದಲ್ಲಿ ಮೋಟಾರು ಓಡುತ್ತಿರುವಾಗ ಪಾವಗಡದ ಫಲಕಗಳು ಕತ್ತಲಲ್ಲಿವೆ, ಶಾಂತಿಗ್ರಾಮದ ಲೈನು ಹರಿಯುತ್ತಿದೆ. ಸ್ಥಾಪಿತ ಸಾಮರ್ಥ್ಯದ ಶೇಕಡಾವಾರು ಆ ಹೊತ್ತಿನಲ್ಲಿ ಏನನ್ನೂ ಹೇಳುವುದಿಲ್ಲ.

ಅಂಕಿ ಬಲ್ಲವರು ಇಲ್ಲಿ ಕೇಳಬಹುದು, ಇದು ಒಂದು ರಾತ್ರಿಯ ಮಾತಾಯಿತು, ವರ್ಷದ ಲೆಕ್ಕದಲ್ಲಿ ಎಲ್ಲ ಸರಿಹೋಗುವುದಿಲ್ಲವೇ ಎಂದು. ಅದಕ್ಕೆ ಉತ್ತರ ನಮ್ಮದೇ ಎರಡು ವರ್ಷಗಳಲ್ಲಿದೆ.

2020ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಎಂಟು ಘಟಕಗಳೂ ಒಟ್ಟಿಗೆ ನಿಂತುಹೋದವು. ಕೋವಿಡ್‌ನಿಂದ ಕಾರ್ಖಾನೆಗಳು ಬಾಗಿಲು ಹಾಕಿದ್ದವು, ಗಾಳಿ ಚೆನ್ನಾಗಿ ಬೀಸಿತು, ಜಲಾಶಯಗಳಲ್ಲಿ ನೀರಿತ್ತು. ಮೂರು ವರ್ಷ ಬಿಟ್ಟು 2023. ಅಷ್ಟು ಹೊತ್ತಿಗೆ ಸೌರವೂ ಗಾಳಿಯೂ ಇನ್ನಷ್ಟು ಸೇರಿದ್ದವು, ಹಸಿರು ಮೆಗಾವ್ಯಾಟಿನ ಪಟ್ಟಿ 2020ಕ್ಕಿಂತ ಉದ್ದವಾಗಿತ್ತು. ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ. ಮಳೆಯಿಲ್ಲದ್ದರಿಂದ ಹೊಲಗಳಿಗೆಲ್ಲ ಮೋಟಾರಿನ ನೀರೇ ಗತಿಯಾಗಿ ಅಕ್ಟೋಬರಿನ ಬೇಡಿಕೆ ಬೇಸಿಗೆಯ ಬೇಡಿಕೆಯ ಮಟ್ಟಕ್ಕೆ ಏರಿತು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಕೊಡುವ ಏಳು ಗಂಟೆಯ ತ್ರೀ ಫೇಸ್ ಕರೆಂಟು ಐದು ಗಂಟೆಗೆ ಇಳಿಯಿತು, ರೈತರು ಸಬ್‌ಸ್ಟೇಷನ್ನುಗಳ ಮುಂದೆ ಕೂತರು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ ಖಾಸಗಿ ಉತ್ಪಾದಕರೆಲ್ಲ ರಾಜ್ಯಕ್ಕೇ ಕೊಡಬೇಕೆಂದು ಆದೇಶ ಹೊರಡಿಸಿತು. ಉತ್ತರ ಪ್ರದೇಶ, ಪಂಜಾಬುಗಳಿಂದ ಮುಂದೆ ವಾಪಸು ಕೊಡುವ ಕರಾರಿನ ಮೇಲೆ ಕರೆಂಟು ತಂದರು. ರಾಯಚೂರು, ಬಳ್ಳಾರಿ, ಯರಮರಸುಗಳ ಒಟ್ಟು 5,020 ಮೆಗಾವ್ಯಾಟ್ ಕಲ್ಲಿದ್ದಲು ಘಟಕಗಳನ್ನು ಸಾಧ್ಯವಾದಷ್ಟೂ ಓಡಿಸಿದರು. ಹಸಿರಿನ ಶೇಕಡಾವಾರು ಹೆಚ್ಚಿದ ವರ್ಷದಲ್ಲೇ ಕಲ್ಲಿದ್ದಲಿಗೆ ಅಷ್ಟು ಹಾಹಾಕಾರ. ಸ್ಥಾಪಿತ ಸಾಮರ್ಥ್ಯ ನೋಡಿ ಇಂಗಾಲ ಹೇಳಲು ಹೊರಟವರು ಈ ಎರಡು ವರ್ಷಗಳನ್ನು ಹೇಗೆ ವಿವರಿಸುತ್ತಾರೆ?

ಹಾಗೆ ನೋಡಿದರೆ ಸ್ಥಾಪಿತ ಸಾಮರ್ಥ್ಯ ಹೆಚ್ಚುಕಡಿಮೆ ಪೂರ್ತಿ ಹಸಿರಾಗಿದ್ದ ಕಾಲವನ್ನೂ ನಾವು ಕಂಡಿದ್ದೇವೆ. 1902ರ ಶಿವನಸಮುದ್ರ, 1948ರ ಜೋಗ, ಅರವತ್ತರ ದಶಕದ ಶರಾವತಿ. 1985ರಲ್ಲಿ ರಾಯಚೂರಿನ ಮೊದಲ ಘಟಕ ಹೊತ್ತಿಕೊಳ್ಳುವವರೆಗೆ ಈ ರಾಜ್ಯದ ದೀಪಗಳು ನೀರನ್ನೇ ನಂಬಿದ್ದವು. ಮಳೆ ಹೋದ ವರ್ಷ ಕತ್ತಲು. ಆ ಕತ್ತಲೇ ನಮ್ಮನ್ನು ಕಲ್ಲಿದ್ದಲಿನ ಬಾಗಿಲಿಗೆ ಕರೆದೊಯ್ದದ್ದು. ಪಟ್ಟಿಯ ಹಸಿರು ಆಗಲೂ ಕೈಹಿಡಿಯಲಿಲ್ಲ.

ಮುಂದುವರಿದ ದೇಶಗಳ ಉದಾಹರಣೆ ಕೊಡುವವರು ಅವುಗಳ ಲೆಕ್ಕವನ್ನು ಪೂರ್ತಿ ಓದಬೇಕು. ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಸೌರ ಮತ್ತು ಗಾಳಿಯ ಸ್ಥಾಪಿತ ಸಾಮರ್ಥ್ಯ 2023ರ ಹೊತ್ತಿಗೆ ಇಡೀ ದೇಶದ ಅತಿ ಹೆಚ್ಚಿನ ಬೇಡಿಕೆಯ ಎರಡು ಪಟ್ಟಿನ ಹತ್ತಿರ ಬಂದಿತ್ತು. ಮೆಗಾವ್ಯಾಟ್ ಎಣಿಸುವುದೇ ಸರಿಯಾದರೆ ಜರ್ಮನಿಯಲ್ಲಿ ಕಲ್ಲಿದ್ದಲಿನ ಒಂದು ಚೂರೂ ಉರಿಯಬಾರದಿತ್ತು. ಫುಕುಶಿಮಾ ಅವಘಡದ ಬೆನ್ನಿಗೆ 2011ರಲ್ಲಿ ಎಂಟು ಅಣುಸ್ಥಾವರಗಳನ್ನು ನಿಲ್ಲಿಸಿ, 2023ರ ಏಪ್ರಿಲ್ 15ರಂದು ಕೊನೆಯ ಮೂರನ್ನೂ ಮುಚ್ಚಿದ ಆ ದೇಶ ಕಲ್ಲಿದ್ದಲಿಗೆ ಮಾತ್ರ 2038ರವರೆಗೆ ಗಡುವು ಕೊಟ್ಟಿತು. ಅಲ್ಲಿಯೂ ಹೊಗೆ ಇಳಿದಿದೆ. ಆದರೆ ಇಳಿಯಬಹುದಾಗಿದ್ದಷ್ಟು ಇಳಿದಿಲ್ಲ. ಜರ್ಮನಿಯ ಒಂದು ಯೂನಿಟ್ಟು ಹೊರುವ ಇಂಗಾಲ ಇನ್ನೂ 350 ಗ್ರಾಂನ ಆಸುಪಾಸಿನಲ್ಲಿದೆ. ಪಕ್ಕದ ಫ್ರಾನ್ಸಿನಲ್ಲಿ ಅದು 50ರ ಸುತ್ತಮುತ್ತ. ಫ್ರಾನ್ಸ್ ಆ ಮಟ್ಟಕ್ಕೆ ಬಂದದ್ದು ಹವಾಮಾನದ ಕಾಳಜಿಯಿಂದಲ್ಲ. ತೈಲ ದುಬಾರಿಯಾದ ಮೇಲೆ 1974ರಲ್ಲಿ ಪ್ರಧಾನಿ ಮೆಸ್ಮೆರ್ ಅಣುಸ್ಥಾವರಗಳ ಸಾಲನ್ನೇ ಕಟ್ಟಲು ಹೊರಟರು. ಸುಮಾರು 15 ವರ್ಷದಲ್ಲಿ ತೈಲ, ಕಲ್ಲಿದ್ದಲು ಉರಿಸುವ ಸ್ಥಾವರಗಳಿಗೆ ಹೆಚ್ಚು ಕೆಲಸ ಉಳಿಯಲಿಲ್ಲ.

ಬ್ರಿಟನ್ನಿನ ದಾರಿ ಬೇರೆ. ಲಂಡನ್ನಿನ ಹಾಲ್ಬರ್ನ್‌ನಲ್ಲಿ 1882ರಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕರಿಗೆ ವಿದ್ಯುತ್ ಕೊಡಲು ಶುರು ಮಾಡಿದ ದೇಶ ಅದು. 2012ರಲ್ಲೂ ಅದರ ವಿದ್ಯುತ್ತಿನಲ್ಲಿ ಸುಮಾರು ನೂರಕ್ಕೆ 40 ಕಲ್ಲಿದ್ದಲಿನದು. 2024ರ ಸೆಪ್ಟೆಂಬರ್ 30ರಂದು ಕೊನೆಯ ಸ್ಥಾವರ ಮುಚ್ಚಿತು. ಇಂಗಾಲಕ್ಕೆ ಬೆಲೆ ಕಟ್ಟಿ ಕಲ್ಲಿದ್ದಲನ್ನು ದುಬಾರಿ ಮಾಡಿದರು, ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸಿದರು, ಉಳಿದದ್ದನ್ನು ಅನಿಲ ತುಂಬಿತು. ಕೆನಡಾದ ಒಂಟಾರಿಯೊ ಪ್ರಾಂತ್ಯ ತನ್ನ ಕಾಲು ಭಾಗದಷ್ಟಿದ್ದ ಕಲ್ಲಿದ್ದಲನ್ನು 2014ಕ್ಕೆ ಸೊನ್ನೆ ಮಾಡಿತು, ಹೆಚ್ಚಾಗಿ ನಿಂತಿದ್ದ ಅಣುಘಟಕಗಳನ್ನು ದುರಸ್ತಿ ಮಾಡಿ. ಒಬ್ಬರು ಅಣುವನ್ನು ಹಿಡಿದರು, ಇನ್ನೊಬ್ಬರು ಗಾಳಿಯನ್ನು. ಈ ಇಬ್ಬರಲ್ಲೂ ಸಮಾನವಾಗಿ ಕಾಣುವುದು ಒಂದೇ: ಕಲ್ಲಿದ್ದಲನ್ನು ಯಾವಾಗ ನಿಲ್ಲಿಸುತ್ತೇವೆ ಎಂದು ಅವರು ತೀರ್ಮಾನಿಸಿದ್ದರು. ಹೊಸದನ್ನು ಎಷ್ಟು ಕಟ್ಟಿದೆವು ಎಂಬ ಪಟ್ಟಿಯನ್ನಷ್ಟೇ ಓದಿದವರು ಯಾರೂ ಆ ಮಟ್ಟಕ್ಕೆ ಬರಲಿಲ್ಲ. ಲೆಕ್ಕ ಈಗ ಇನ್ನೂ ಬಿಗಿಯಾಗುತ್ತಿದೆ. ಹಸಿರು ಹೈಡ್ರೋಜನ್ನಿಗೆ ಬಳಸುವ ವಿದ್ಯುತ್ತು ನಿಜಕ್ಕೂ ಹಸಿರೋ ಎಂಬುದನ್ನು 2030ರಿಂದ ಗಂಟೆ ಗಂಟೆಗೆ ತಾಳೆ ನೋಡಬೇಕೆಂದು ಯುರೋಪಿನ ಒಕ್ಕೂಟ 2023ರಲ್ಲೇ ನಿಯಮ ಮಾಡಿದೆ.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಖಾಸಗಿ ಸೋಲಾರ್ ಸ್ಥಾವರ ಹಗಲು ಗ್ರಿಡ್ಡಿಗೆ ಹಾಕಿದ ಯೂನಿಟ್ಟನ್ನು ಖಾತೆಯಲ್ಲಿಟ್ಟು, ಅದನ್ನು ಕೊಂಡ ಕಂಪನಿ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳುವುದಕ್ಕೆ ಬ್ಯಾಂಕಿಂಗ್ ಎನ್ನುತ್ತಾರೆ. ಬೆಂಗಳೂರಿನ ಗಾಜಿನ ಕಟ್ಟಡ ರಾತ್ರಿ ಹನ್ನೊಂದಕ್ಕೆ ಏಸಿ ಓಡಿಸುತ್ತದೆ, ಮಧ್ಯಾಹ್ನದ ಬಿಸಿಲನ್ನು ತೋರಿಸಿ ನೂರಕ್ಕೆ ನೂರು ಹಸಿರು ಎಂದು ವಾರ್ಷಿಕ ವರದಿ ಅಚ್ಚು ಮಾಡುತ್ತದೆ. ಕರೆಂಟನ್ನು ಹಾಗೆ ಕೂಡಿಡಲು ಬರುವುದಿಲ್ಲ. ಮಧ್ಯಾಹ್ನದ ಆ ಯೂನಿಟ್ಟು ಮಧ್ಯಾಹ್ನವೇ ಯಾರದೋ ಮನೆಯಲ್ಲಿ ಖರ್ಚಾಗಿರುತ್ತದೆ. ರಾತ್ರಿಯ ಯೂನಿಟ್ಟನ್ನು ಯಾವುದೋ ಒಲೆ ಬೇಯಿಸಿ ಕೊಟ್ಟಿರುತ್ತದೆ. ಕಾಗದದ ಈ ಹಸಿರನ್ನು ಹೆಮ್ಮೆಯಿಂದ ಒಪ್ಪುವವರೇ ಉಚಿತ ಕರೆಂಟಿನ ರೈತನನ್ನು ಕಂಡು ಹುಬ್ಬೇರಿಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ರೈತನ ಮೋಟಾರಿನ ವಿಷಯಕ್ಕೇ ಬರೋಣ, ನಮ್ಮ ಜಿಲ್ಲೆಯ ಮಟ್ಟಿಗೆ ಇಡೀ ಪ್ರಶ್ನೆ ಇರುವುದು ಅಲ್ಲಿ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. 10 ಎಚ್‌ಪಿವರೆಗಿನವಕ್ಕೆ ಬಿಲ್ಲಿಲ್ಲ. ರಾಜ್ಯ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಇವುಗಳದ್ದು. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಬಹಳಷ್ಟು ಕಡೆ ಊರಿನ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ. ಅಂದರೆ ತೋಟಕ್ಕೆ ಯಾವ ಹೊತ್ತಿನಲ್ಲಿ ತ್ರೀ ಫೇಸ್ ಬಿಡಬೇಕು ಎಂಬುದನ್ನು ಸಬ್‌ಸ್ಟೇಷನ್ನಿನಲ್ಲಿ ಒಂದು ವೇಳಾಪಟ್ಟಿ ತೀರ್ಮಾನಿಸುತ್ತದೆ, ರೈತ ಅಲ್ಲ. ಆ ವೇಳಾಪಟ್ಟಿಯಲ್ಲಿ ಬಹುಕಾಲದಿಂದ ಇರುವುದು ಪಾಳಿ: ಹಗಲು ಒಂದಿಷ್ಟು ಗಂಟೆ, ರಾತ್ರಿ ಒಂದಿಷ್ಟು, ವಾರ ತಿರುಗಿದರೆ ಅದಲು ಬದಲು.

ಒಂದು 5 ಎಚ್‌ಪಿ ಮೋಟಾರಿನ ಲೆಕ್ಕ ಹಾಕಿ. ಗಂಟೆಗೆ ಸುಮಾರು ನಾಲ್ಕು ಯೂನಿಟ್, ಏಳು ಗಂಟೆಗೆ 28. ಆ 28 ಯೂನಿಟ್ಟು ಪೂರ್ತಿ ಕಲ್ಲಿದ್ದಲಿನಿಂದ ಬಂದರೆ 25 ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಪೂರ್ತಿ ಬಿಸಿಲಿನಿಂದ ಬಂದರೆ ಒಂದೂವರೆ ಕೆಜಿಗಿಂತ ಕಡಿಮೆ. ವರ್ಷಕ್ಕೆ 200 ದಿನ ಓಡಿತು ಅನ್ನಿ, ಒಂದರಲ್ಲಿ 5 ಟನ್ ದಾಟುತ್ತದೆ, ಇನ್ನೊಂದರಲ್ಲಿ 300 ಕೆಜಿ ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಒಬ್ಬ ಮನುಷ್ಯನ ಪಾಲಿಗೆ ಬರುವ ವರ್ಷದ ಇಂಗಾಲವೇ ಸುಮಾರು 2 ಟನ್. ಮೋಟಾರು ಅದೇ, ಬಾವಿ ಅದೇ, ನೀರು ಅದೇ, ರೈತನೂ ಅವನೇ. ಬದಲಾದದ್ದು ಗಂಟೆ. ನಿಜದಲ್ಲಿ ಯಾವ ರಾತ್ರಿಯೂ ಪೂರ್ತಿ ಕಲ್ಲಿದ್ದಲಲ್ಲ, ಯಾವ ಹಗಲೂ ಪೂರ್ತಿ ಬಿಸಿಲಲ್ಲ, ಎರಡರ ಅಂತರ ಇಷ್ಟು ಚೊಕ್ಕವಾಗಿರುವುದಿಲ್ಲ. ಆದರೂ ದಿಕ್ಕು ಯಾವುದು ಎಂಬುದರಲ್ಲಿ ಅನುಮಾನವಿಲ್ಲ.

ಚನ್ನರಾಯಪಟ್ಟಣ ತೆಂಗಿನ ಸೀಮೆ. ಬಾಗೂರು–ನವಿಲೆ ಸುರಂಗದಲ್ಲಿ ಹೇಮಾವತಿ ನದಿಯ ನೀರು ತುಮಕೂರಿನ ಕಡೆ ಹರಿದುಹೋಗುತ್ತದೆ, ಕಾಲುವೆಯ ನೀರು ಮುಟ್ಟದ ಊರುಗಳು ಕೊಳವೆಬಾವಿಯನ್ನೇ ನಂಬಿವೆ. ತೆಂಗಿನ ಬುಡಕ್ಕೆ ನೀರು ಮಧ್ಯಾಹ್ನ ಬಿದ್ದರೇನು, ಮಧ್ಯರಾತ್ರಿ ಬಿದ್ದರೇನು? ಹನಿ ನೀರಾವರಿ ಇದ್ದರಂತೂ ಬಿಸಿಲಿಗೆ ಆರಿಹೋಗುವ ಭಯವೂ ಕಡಿಮೆ. ಹೊತ್ತಿನ ಹಂಗಿಲ್ಲದ ಇಂಥ ಬೆಳೆಯ ತಾಲ್ಲೂಕಿನಲ್ಲಿ ರಾತ್ರಿ ತ್ರೀ ಫೇಸ್ ಕೊಡುವುದಕ್ಕೆ ಬೆಳೆಯ ಕಡೆಯಿಂದ ಒಂದೂ ಕಾರಣವಿಲ್ಲ. ಅರಕಲಗೂಡಿನ ಶುಂಠಿಯ ಕಥೆ ಸ್ವಲ್ಪ ಬೇರೆ. ಬೇಸಿಗೆಯ ಕಡುಬಿಸಿಲಿನ ತಿಂಗಳುಗಳಲ್ಲಿ ಎಳೆ ಶುಂಠಿಗೆ ಎರಡು ಮೂರು ದಿನಕ್ಕೊಮ್ಮೆ ಜೆಟ್ಟಿನಲ್ಲಿ ನೀರು ಹಾರಿಸಬೇಕು. ನಡು ಮಧ್ಯಾಹ್ನ ಹಾರಿಸಿದರೆ ನೀರು ನಷ್ಟ ಎಂದು ಬೆಳೆಗಾರರು ಹೇಳುತ್ತಾರೆ, ಅದು ಸರಿ. ಅಲ್ಲಿ ಹಗಲು ಬಾವಿಯಿಂದ ಕೃಷಿ ಹೊಂಡಕ್ಕೆ ನೀರೆತ್ತಿಟ್ಟು ಸಂಜೆ ಸಣ್ಣ ಮೋಟಾರಿನಲ್ಲಿ ಹಾರಿಸಬಹುದು. ಹೊಂಡಕ್ಕೆ ಸಹಾಯಧನ ಕೊಡುವ ಯೋಜನೆ ಇದೆ, ವಿದ್ಯುತ್ತಿನ ವೇಳಾಪಟ್ಟಿಗೂ ಹೊಂಡಕ್ಕೂ ನಂಟು ಕಟ್ಟಿದವರಿಲ್ಲ. ಹೊಳೆನರಸೀಪುರದ ಹೇಮಾವತಿ ದಂಡೆಯ ಗದ್ದೆಗಳಿಗೆ ಗೊರೂರು ಅಣೆಕಟ್ಟೆಯಿಂದ ನಾಲೆಯ ನೀರು ಬರುವ ತಿಂಗಳುಗಳಲ್ಲಿ ಮೋಟಾರಿನ ಹಂಗು ಕಡಿಮೆ, ನಾಲೆ ನಿಂತ ಮೇಲೆ ಅದೂ ಕೊಳವೆಬಾವಿಯ ಸೀಮೆಯೇ.

ರಾತ್ರಿಯ ಕರೆಂಟಿನಿಂದ ಹಳ್ಳಿಯಲ್ಲಿ ಏನಾಗುತ್ತದೆ ಎಂಬುದನ್ನು ಇಂಗಾಲದ ಲೆಕ್ಕ ಬರೆಯುವವರು ತಿಳಿಯಬೇಕು. ರಾತ್ರಿ ಹನ್ನೆರಡಕ್ಕೆ ಬರುತ್ತದೋ ಎರಡಕ್ಕೆ ಬರುತ್ತದೋ ಗೊತ್ತಿಲ್ಲದ ಕರೆಂಟಿಗಾಗಿ ಎದ್ದು ಕಾಯಲಾರದೆ ರೈತ ಆಟೋ ಸ್ಟಾರ್ಟರ್ ಹಾಕಿಸುತ್ತಾನೆ. ಕರೆಂಟು ಬಂದ ತಕ್ಷಣ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರು, ಅಂದರೆ ಟಿಸಿ, ಸುಡುತ್ತದೆ. ಸುಟ್ಟ ಟಿಸಿ ಬದಲಾಗುವವರೆಗೆ ಬೆಳೆ ಒಣಗುತ್ತದೆ. ಪಾತಿ ತುಂಬಿದ ಮೇಲೂ ನಿಲ್ಲಿಸುವವರಿಲ್ಲದೆ ನೀರು ಹರಿದು ರಸ್ತೆ ಸೇರುತ್ತದೆ, ಅಂತರ್ಜಲ ಇನ್ನೂ ಕೆಳಗಿಳಿಯುತ್ತದೆ, ಮುಂದಿನ ವರ್ಷ ಅದೇ ನೀರನ್ನು ಎತ್ತಲು ಹೆಚ್ಚು ಎಚ್‌ಪಿಯ ಮೋಟಾರು ಬೇಕಾಗುತ್ತದೆ. ಎದ್ದು ಹೋಗುವವರ ಪಾಡು ಇನ್ನೂ ಕಷ್ಟ. ಚನ್ನರಾಯಪಟ್ಟಣದ ಕಡೆ ಚಿರತೆ, ಆಲೂರು–ಅರಕಲಗೂಡಿನ ಅಂಚಿನಲ್ಲಿ ಆನೆ, ಎಲ್ಲ ಕಡೆಯೂ ಹಾವು. ಟಾರ್ಚು ಹಿಡಿದು ಹೊಲಕ್ಕೆ ಹೋದ ಗಂಡ ಬರುವವರೆಗೆ ಹೆಂಗಸರು ಎಚ್ಚರವಾಗಿ ಕೂರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹಗಲಿನಲ್ಲಿ ಕರೆಂಟು ಕೊಡಿ ಎಂದು ಈ ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಅದು ಕೃಷಿಕರ ಬೇಡಿಕೆ ಎಂದು ಒಂದು ಕಡತದಲ್ಲಿದೆ, ಇಂಗಾಲ ಇಳಿಸುವುದು ಪರಿಸರದ ವಿಷಯ ಎಂದು ಇನ್ನೊಂದು ಕಡತದಲ್ಲಿದೆ. ಎರಡೂ ಒಂದೇ ಬೇಡಿಕೆ ಎಂದು ಕಾಣದಂತೆ ಮಾಡಿರುವುದು ಆ ಶೇಕಡಾವಾರಿನ ಹೆಮ್ಮೆ. ಈಗಾಗಲೇ ಹಸಿರಾಗಿದ್ದೇವೆ ಎಂದುಕೊಂಡ ರಾಜ್ಯಕ್ಕೆ ಫೀಡರಿನ ವೇಳಾಪಟ್ಟಿ ತಿದ್ದುವ ಅವಸರ ಎಲ್ಲಿಂದ ಬರಬೇಕು?

ಎಂಜಿನಿಯರುಗಳ ಆಕ್ಷೇಪಣೆಯೊಂದಿದೆ, ಅದಕ್ಕೆ ತೂಕವಿದೆ. ಕಲ್ಲಿದ್ದಲಿನ ಘಟಕವನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಲಾಗದು. ಸಂಜೆಗೆ ಬೇಕೆಂದರೆ ಮಧ್ಯಾಹ್ನವೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉರಿಸುತ್ತಲೇ ಇರಬೇಕು. ಹೀಗಾಗಿ ಬಿಸಿಲು ಚೆನ್ನಾಗಿರುವ ದಿನ ಬೇಡಿಕೆ ಸಾಲದೆ ಸೋಲಾರ್ ಸ್ಥಾವರಗಳಿಗೇ ಉತ್ಪಾದನೆ ತಗ್ಗಿಸಿ ಎಂದು ಹೇಳಬೇಕಾಗುತ್ತದೆ, ಬರೀ ಪಂಪ್‌ಸೆಟ್ ಹಗಲಿಗೆ ತಂದರೆ ಕಲ್ಲಿದ್ದಲು ನಿಲ್ಲದು ಎನ್ನುತ್ತಾರೆ. ಪೂರ್ತಿ ನಿಲ್ಲದು, ಒಪ್ಪುತ್ತೇನೆ. ಆದರೆ ಬಿಸಿಲಿದ್ದೂ ಕೊಳ್ಳುವವರಿಲ್ಲದೆ ಸೋಲಾರ್ ಸ್ಥಾವರ ತಗ್ಗಿಸುವ ಹೊತ್ತಿನಲ್ಲೇ ತೋಟಗಳಿಗೆ ಕರೆಂಟು ಬಿಡದೆ ರಾತ್ರಿಗೆ ಕಾಯಿಸುವುದಕ್ಕೆ ಇದು ಸಮರ್ಥನೆ ಹೇಗಾದೀತು? ರಾತ್ರಿಯ ಬೇಡಿಕೆ ಇಳಿದರೆ ರಾತ್ರಿಗೆಂದು ಕಾದಿಡುವ ಘಟಕಗಳ ಸಂಖ್ಯೆಯೇ ಇಳಿಯುತ್ತದೆ. ಲಿಂಗನಮಕ್ಕಿಯಲ್ಲಿ 151 ಟಿಎಂಸಿ ನೀರು ನಿಲ್ಲುತ್ತದೆ. ಶರಾವತಿಯ 1,035 ಮೆಗಾವ್ಯಾಟ್‌ನ ಟರ್ಬೈನುಗಳನ್ನು ನಿಮಿಷಗಳಲ್ಲಿ ತಿರುಗಿಸಬಹುದು, ನಿಲ್ಲಿಸಬಹುದು. ಹಗಲಿನ ಹೊರೆಯನ್ನು ಬಿಸಿಲು ಹೊತ್ತಷ್ಟೂ ಆ ನೀರು ಸಂಜೆ ಆರರಿಂದ ಹತ್ತರವರೆಗಿನ ಗೃಹಜ್ಯೋತಿಯ ದೀಪಗಳಿಗೆ, ಮಾರ್ಚ್ ಏಪ್ರಿಲ್‌ನ ಬಿರುಬೇಸಿಗೆಗೆ ಉಳಿಯುತ್ತದೆ. ಇರುವ ಜಲಾಶಯವನ್ನು ಹೀಗೆ ಬಳಸುವುದನ್ನು ಮುಗಿಸದೆ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ ನೀರನ್ನು ಮತ್ತೆ ಮೇಲೆತ್ತಿ ವಿದ್ಯುತ್ ತೆಗೆಯುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಸ್ಥಾವರ ಕಟ್ಟಲು ಹೊರಟಿರುವುದು ನನಗೆ ಒಪ್ಪಿಗೆಯಿಲ್ಲ. ಸಕಲೇಶಪುರದ ಮಗ್ಗುಲಿನ ಗುಂಡ್ಯ ಯೋಜನೆಗೆ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಬೇಡ ಎಂದದ್ದೂ ಇದೇ ತರ್ಕದಿಂದ ಸರಿಯೆನಿಸುತ್ತದೆ. ಇಂಗಾಲ ಕಡಿಮೆ ಎಂಬ ಒಂದೇ ಕಾರಣಕ್ಕೆ ಮಳೆಕಾಡನ್ನು ಕೊಡಬೇಕಾಗಿಲ್ಲ. ಕಾಡು ಕಡಿದಾಗ ಬಿಡುಗಡೆಯಾಗುವ ಇಂಗಾಲವನ್ನು ಸ್ಥಾವರದ ಫಲಕದ ಮೇಲೆ ಯಾರೂ ಬರೆಯುವುದಿಲ್ಲ.

ಇನ್ನೊಂದು ಆಕ್ಷೇಪಣೆ ನ್ಯಾಯದ್ದು. ಒಬ್ಬ ಭಾರತೀಯನ ಪಾಲಿಗೆ ಬರುವ ವಿದ್ಯುತ್ತು ವರ್ಷಕ್ಕೆ ಸುಮಾರು 1,400 ಯೂನಿಟ್, ಅಮೆರಿಕದವನದು 12,000ಕ್ಕೂ ಹೆಚ್ಚು. ನೂರೈವತ್ತು ವರ್ಷ ಕಲ್ಲಿದ್ದಲು ಉರಿಸಿ ಶ್ರೀಮಂತರಾದವರ ಮುಂದೆ ಅರಕಲಗೂಡಿನ ರೈತ ಯಾಕೆ ಲೆಕ್ಕ ಒಪ್ಪಿಸಬೇಕು? ಒಪ್ಪಿಸಬೇಕಾಗಿಲ್ಲ. ಹೆಚ್ಚಿನ ಹೊಣೆ ಅವರದು, ಅದನ್ನು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಗಟ್ಟಿಯಾಗಿ ಹೇಳಬೇಕು. ಆದರೆ ನಾನು ಪ್ರಶ್ನಿಸುತ್ತಿರುವುದು ಬಡವನ ಬಳಕೆಯನ್ನಲ್ಲ, ಸರ್ಕಾರದ ಹೆಮ್ಮೆಯನ್ನು. ನಮ್ಮ ಪಾಲು ಕಡಿಮೆ ಎಂದು ವಾದಿಸುವುದು ಒಂದು, ನಾವಾಗಲೇ ಹಸಿರು ಎಂದು ಸಾರುವುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದನ್ನು ನಂಬಿದರೆ 2023ರ ಮಳೆಯಂಥ ಇನ್ನೊಂದು ಮಳೆ ಕೈಕೊಟ್ಟಾಗ ಮೊದಲು ಕಡಿತವಾಗುವುದು ಆ ಅರಕಲಗೂಡಿನ ರೈತನ ತ್ರೀ ಫೇಸೇ.

ಕೆಲವು ಕಡೆ ಕೆಲಸ ಶುರುವಾಗಿದೆ. 2019ರ ಕುಸುಮ್ ಯೋಜನೆಯಡಿ ಸಬ್‌ಸ್ಟೇಷನ್ನಿನ ಹತ್ತಿರವೇ ಸೋಲಾರ್ ಸ್ಥಾವರ ಹಾಕಿ, ಆ ಸಬ್‌ಸ್ಟೇಷನ್ನಿನ ಪಂಪ್‌ಸೆಟ್ ಫೀಡರಿಗೆ ಹಗಲಿನಲ್ಲೇ ಏಳು ಗಂಟೆ ಕೊಡುವ ಏರ್ಪಾಡು ಬರುತ್ತಿದೆ. ಐದಾರು ಮೆಗಾವ್ಯಾಟ್‌ನ ಈ ಸಣ್ಣ ಸ್ಥಾವರಗಳು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕರೆಂಟು ಹುಟ್ಟಿದ ಊರಲ್ಲೇ, ಹುಟ್ಟಿದ ಹೊತ್ತಿಗೇ ಖರ್ಚಾಗುವುದರಿಂದ ಇವುಗಳ ಒಂದೊಂದು ಮೆಗಾವ್ಯಾಟೂ ಲೈನಿನಲ್ಲಿ ಹೆಚ್ಚು ನಷ್ಟವಿಲ್ಲದೆ ದುಡಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ಇನ್ನೊಂದು ಪಾವಗಡಕ್ಕಿಂತ ದೊಡ್ಡ ಕೆಲಸ.

ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಾವೆಲ್ಲ ಸೆಸ್ಕ್ ಎನ್ನುವುದು. ದರ ಏರಿಸುವ ಮುಂಚೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮೈಸೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಅರ್ಜಿ ಹಾಕಿ ಮಾತಾಡಬಹುದು. ಅಲ್ಲಿಗೆ ಹೋಗುವ ನಮ್ಮ ರೈತ ಸಂಘಗಳು ದರದ ಜೊತೆಗೆ ಇನ್ನೆರಡು ವಿಷಯ ಕೇಳಬೇಕು. ಜಿಲ್ಲೆಯ ಪ್ರತಿಯೊಂದು ಪಂಪ್‌ಸೆಟ್ ಫೀಡರಿಗೆ ಕಳೆದ ವರ್ಷ ಹಗಲು ಎಷ್ಟು ಗಂಟೆ, ರಾತ್ರಿ ಎಷ್ಟು ಗಂಟೆ ತ್ರೀ ಫೇಸ್ ಬಿಟ್ಟಿರಿ? ಆ ರಾತ್ರಿಯ ಗಂಟೆಗಳಲ್ಲಿ ಕೊಂಡ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಎಷ್ಟು? ಎರಡೂ ಉತ್ತರ ಅವರ ಕಂಪ್ಯೂಟರಿನಲ್ಲಿದೆ. ಅಚ್ಚು ಮಾಡಿ ಸಬ್‌ಸ್ಟೇಷನ್ನಿನ ಗೋಡೆಗೆ ಅಂಟಿಸಲು ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ. ಶುರು ಚನ್ನರಾಯಪಟ್ಟಣದಿಂದ ಆಗಲಿ, ತೆಂಗಿನ ತೋಟಗಳ ಫೀಡರುಗಳನ್ನು ಈ ಬೇಸಿಗೆಗೆ ಮುಂಚೆಯೇ ಪೂರ್ತಿ ಹಗಲಿಗೆ ತರಬಹುದು.